ಬುಲೆಟ್ ಆವಾಜ್ ಸರಿ ಮಾಡಿಸಿದ ಕಥೆ, ಖರ್ಚಿನ ಸಮೇತ

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಸಿಕ್ಕವರೆಲ್ಲ ಮೊದಲು ಕೇಳುವುದು ಅದನ್ನೇ. ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಅಂದರೆ ಮಂದಿಯ ಬಾಯಲ್ಲಿ ಬುಲೆಟ್, ಆ ಗಾಡಿಯ ಸೈಲೆನ್ಸರ್ ಆವಾಜ್ ಬದಲಿಸಲಿಕ್ಕೆ 3,110 ರೂಪಾಯಿ ಹೋಯಿತು. ಮೂರು ಸಾವಿರ ದಾಟಬಾರದು ಅಂತ ಹೊರಟಿದ್ದೆ. ಎಂಜಿನ್ನಿಗೆ ಪೈಪ್ ಹಿಡಿದಿಡುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿಯದೆ ಇದ್ದಿದ್ದರೆ ಎರಡೂವರೆ ಸಾವಿರದಲ್ಲೇ ಮುಗಿಯುತ್ತಿತ್ತು. ಪೊಲೀಸರಿಗೆ ಕಟ್ಟಿದ ದಂಡ ಇದರಲ್ಲಿ ಸೇರಿಲ್ಲ, ಅದು ಮುಂದೆ ಬರುತ್ತದೆ.

ಇನ್ನೊಂದು ಮಾತು ಈಗಲೇ ಹೇಳಬೇಕು. ಇದು ಕಾರ್ಬ್ಯುರೇಟರ್ ಇರುವ ಬಿಎಸ್-4 (ಹೊಗೆಯ ಮಿತಿಯ ಭಾರತ್ ಸ್ಟೇಜ್ 4 ನಿಯಮದ) ಗಾಡಿಯ ಅನುಭವ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬುಲೆಟ್‌ಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ಅಲ್ಲಿ ಸೈಲೆನ್ಸರ್ ಮುಟ್ಟಿದರೆ ಬೇರೆ ಬೇರೆ ತಲೆನೋವು ಶುರುವಾಗುತ್ತವೆ. ಅಂಥ ಗಾಡಿ ಇರುವವರು ಕಾಯ್ದೆಯ ಭಾಗ, ಲೀಕ್ ನೋಡುವ ಭಾಗ ಇಷ್ಟನ್ನೇ ಇಟ್ಟುಕೊಳ್ಳಿ.

ಗಾಡಿ ಸೆಕೆಂಡ್ ಹ್ಯಾಂಡ್. 2018ರ ಮಾಡೆಲ್, ಕೆಎ-26 ನಂಬರಿನದು, ಗದಗದಲ್ಲಿ ಸಿಕ್ಕಿತು. ಎಂಜಿನ್ ಚಲೋ ಇತ್ತು, ರೇಟು ನನ್ನ ಕೈಗೆ ಎಟುಕುವಂತಿತ್ತು. ಸೈಲೆನ್ಸರ್ ಮಾತ್ರ ಹೊರಗಿನದು. ಉದ್ದನೆ ಕೊಳವೆ, ಹಿಂದೆ ಅಗಲ ಬಾಯಿ, ಸ್ಟಾರ್ಟ್ ಮಾಡಿದರೆ ಓಣಿಯ ನಾಯಿಗಳೆಲ್ಲ ಏಳಬೇಕು. ಮಾರುವವರಿಗೆ ಅದೇ ದೊಡ್ಡ ಹೆಮ್ಮೆ. "ಇದಕ್ಕ ಬ್ಯಾರೆ ಖರ್ಚ ಮಾಡೇನ್ರಿ" ಅಂತ ಅದರ ಮೇಲೆ ರೇಟು ಏರಿಸಲಿಕ್ಕೂ ನೋಡಿದರು. ಕಂಪನಿ ಸೈಲೆನ್ಸರ್ ಎಲ್ಲಿ ಅಂತ ಕೇಳಿದೆ. ಯಾವಾಗಲೋ ಗುಜರಿಗೆ ಹಾಕಿದ್ದರು.

ಸೆಕೆಂಡ್ ಹ್ಯಾಂಡ್ ಬುಲೆಟ್ ನೋಡಲಿಕ್ಕೆ ಹೊರಟವರಿಗೆ ಇಲ್ಲೇ ಒಂದು ಮಾತು: ಗಾಡಿಗೆ ಹೊರಗಿನ ಸೈಲೆನ್ಸರ್ ಇದ್ದರೆ ಕಂಪನಿದು ಕೊಡ್ತೀರೋ ಇಲ್ಲವೋ ಅಂತ ಮೊದಲೇ ಕೇಳಿ, ಇಲ್ಲ ಅಂದರೆ ರೇಟಿನಲ್ಲಿ ಎರಡು ಸಾವಿರ ಇಳಿಸಿ. ಜೊತೆಗೆ ಸರ್ಕಾರದ ಪರಿವಾಹನ್ ವೆಬ್‌ಸೈಟಿನ ಇ-ಚಲನ್ ಪುಟದಲ್ಲಿ ಗಾಡಿ ನಂಬರ್ ಹಾಕಿ ಹಳೆ ದಂಡ ಬಾಕಿ ಇದೆಯೋ ನೋಡಿ, ದಂಡ ಗಾಡಿ ನಂಬರಿಗೇ ಅಂಟಿಕೊಂಡಿರುತ್ತದೆ. ಆರ್‌ಸಿಯಲ್ಲಿ ಸಾಲದ ಎಚ್‌ಪಿ (ಗಾಡಿ ಬ್ಯಾಂಕಿಗೆ ಒತ್ತೆ ಇದೆ ಅನ್ನುವ ನಮೂದು) ಇದ್ದರೆ ಅದು ತೆಗೆಸಿದ ಮೇಲೇ ಹಣ ಕೊಡಿ. ಗಾಡಿ ಹೆಸರು ಬದಲಿಸುವ ಫಾರಂ 29, ಫಾರಂ 30 ಇವೆರಡಕ್ಕೂ ಮಾರುವವರ ಸಹಿ ಅಲ್ಲೇ ಹಾಕಿಸಿಕೊಳ್ಳಿ, ಆಮೇಲೆ ಅವರು ಫೋನ್ ಎತ್ತುವುದಿಲ್ಲ. ನನ್ನ ಕೆಲಸದಲ್ಲಿ ಈ ಭಾಗವೊಂದು ಸುಸೂತ್ರವಾಗಿ ಆಯಿತು, ಅದಕ್ಕೇ ಇಷ್ಟಕ್ಕೆ ಬಿಡುತ್ತೇನೆ.

ನಾನಿರುವುದು ಹುಬ್ಬಳ್ಳಿಯ ನವನಗರದಲ್ಲಿ, ಕೆಲಸ ಗೋಕುಲ ರಸ್ತೆ ಕಡೆ. ಬೆಳಿಗ್ಗೆ ಗಾಡಿ ತೆಗೆದರೆ ಎದುರು ಮನೆಯ ರಿಟೈರ್ಡ್ ಮಾಸ್ತರು ಪೇಪರ್ ಮಡಚಿ ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ತಡೆದು, "ನೀ ಗಾಡಿ ಚಾಲೂ ಮಾಡಿದ್ಯಂದ್ರ ನಮ್ಮನಿ ಹಾಲಿನ ಪಾತೇಲಿ ಮುಚ್ಚಳ ನಡಗತೈತಿ ತಮ್ಮಾ" ಅಂದರು. ಬೈಗುಳವಲ್ಲ, ನಗುತ್ತಲೇ ಅಂದದ್ದು. ಆದರೆ ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ ಅಂತ ನನಗೆ ಗೊತ್ತಿತ್ತು. ಅಂದಿನಿಂದ ಓಣಿಯ ತಿರುವಿನವರೆಗೆ ಗಾಡಿ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡುವುದು ಶುರುವಾಯಿತು. ಸುಮಾರು 190 ಕಿಲೋ ಗಾಡಿ, ಬೆಳಿಗ್ಗೆ ಬೆಳಿಗ್ಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ.

ನನಗೂ ಆ ಆವಾಜ್ ಇಷ್ಟವಿರಲಿಲ್ಲ, ಇದನ್ನು ಹೇಳಿದರೆ ಗೆಳೆಯರು ನಂಬುವುದಿಲ್ಲ. ಬುಲೆಟ್ ಅಂದರೆ ಗುಡು ಗುಡು ಅಂತ ಎದೆಗೆ ತಾಗಬೇಕು. ನನ್ನದು ಕಿವಿಗೆ ಹೊಡೆಯುತ್ತಿತ್ತು. ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಪಟಾರ್ ಪಟಾರ್ ಅಂತ ಪಟಾಕಿ. ಧಾರವಾಡಕ್ಕೆ ಹೋಗಿ ಬಂದರೆ ರಾತ್ರಿಯವರೆಗೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಹಣ ಕೂಡಿಸಿಕೊಂಡು ನಿಧಾನಕ್ಕೆ ಬದಲಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ವಿದ್ಯಾನಗರದ ಕಿಮ್ಸ್ ಆಸ್ಪತ್ರೆ ಹತ್ತಿರ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ಹೆಲ್ಮೆಟ್ ಇತ್ತು, ಇನ್ಶೂರೆನ್ಸ್ ಇತ್ತು, ಎಮಿಷನ್ ಇತ್ತು. ಅವರು ಅದ್ಯಾವುದನ್ನೂ ಕೇಳಲಿಲ್ಲ, ಸೀದಾ ಹಿಂದೆ ಹೋಗಿ ಬಗ್ಗಿ ಸೈಲೆನ್ಸರ್ ನೋಡಿದರು.

"ಕಂಪನಿದಲ್ಲಲಾ ಇದು?"

"ತಗೊಂಡಾಗ ಹಿಂಗ ಇತ್ರಿ ಸರ."

"ಗಾಡಿ ಈಗ ಯಾರ ಹೆಸರಿಲೆ ಐತಿ?"

ಅಲ್ಲಿಗೆ ಮಾತು ಮುಗಿಯಿತು. ರಸೀದಿ ಕೈಗೆ ಬಂತು. ಇನ್ನೊಮ್ಮೆ ಇದೇ ಸೈಲೆನ್ಸರಿನಲ್ಲಿ ಸಿಕ್ಕರೆ ಬಿಚ್ಚಿಸಿಯೇ ಕಳಿಸುವುದು ಅಂತಲೂ ಹೇಳಿದರು. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ನಮ್ಮ ಅವಳಿ ನಗರದಲ್ಲಿ ಈ ಮೂರನ್ನೂ ತಪ್ಪಿಸಿ ಆಫೀಸಿಗೆ ಹೋಗುವ ದಾರಿ ಯಾವುದಿದೆ ಹೇಳಿ.

ಮನೆಗೆ ಬಂದು ಕಾಯ್ದೆ ಓದಿದೆ. ಇದು ಎಲ್ಲರೂ ಒಮ್ಮೆ ತಿಳಿದುಕೊಳ್ಳಬೇಕಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ 190ನೇ ಕಲಮಿನ ಎರಡನೇ ಉಪಕಲಂ. 2019ರ ತಿದ್ದುಪಡಿಯ ನಂತರ ಅದರಲ್ಲಿ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಮೇಲೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಅಂತ ಬರೆದಿದೆ. ರಸ್ತೆಯಲ್ಲಿ ಕಟ್ಟಿಸಿಕೊಳ್ಳುವುದು ಇದಕ್ಕಿಂತ ಕಡಿಮೆ ಇರಬಹುದು, ಪುಸ್ತಕದಲ್ಲಿರುವುದು ಇದು. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ಬಂದು ಗಾಡಿ ಬದಲಿಸಿದ್ದೀರಿ ಅಂತ ತಕರಾರು ತೆಗೆಯುವುದು ಬೇರೆ.

ಹಾಗಾದರೆ ಆವಾಜ್ ಬದಲಿಸುವ ದಾರಿ ಯಾವುದು? ಕೊಪ್ಪಿಕರ್ ರಸ್ತೆಯಿಂದ ಹಿಡಿದು ಎಷ್ಟೋ ಅಂಗಡಿ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು, "ಇದನ್ನ ಹಾಕ್ರಿ, ಬೇಸ್ ಮಸ್ತ್ ಬರತೈತಿ." ಎರಡು ಸಾವಿರದ ಪೈಪಿನಿಂದ ಎಂಟು ಸಾವಿರದ ಪೈಪಿನವರೆಗೆ ಇವೆ. ಒಳಗೆ ಜಾಲಿ, ಅದರ ಸುತ್ತ ಗ್ಲಾಸ್ ವೂಲ್ ತುಂಬಿದ್ದು ಸ್ವಲ್ಪ ಮೆತ್ತಗೆ ಕೇಳುತ್ತದೆ, ನಿಜ. ಆದರೆ ಆ ಗ್ಲಾಸ್ ವೂಲ್ ಕಾವಿಗೆ ಸುಟ್ಟು, ಹೊಗೆಯ ಜೊತೆ ಉದುರಿ ಹೋಗುತ್ತ ಬರುತ್ತದೆ, ಆವಾಜ್ ತಿಂಗಳು ತಿಂಗಳು ಏರುತ್ತದೆ. ಬಾಯಿಗೆ ಡಿಬಿ ಕಿಲ್ಲರ್ ಅಂತ ಸಣ್ಣ ಕೊಳವೆ ತುರುಕುವುದೂ ಉಂಟು. ಅದನ್ನು ಹಾಕಿದರೆ ಶಬ್ದ ಇಳಿಯುತ್ತದೆ, ಗುಡುಗು ಬರುವುದಿಲ್ಲ. ಒಂದು ಅಂಗಡಿಯಲ್ಲಿ ಪೈಪಿನ ಮೇಲೆ "ಎಆರ್‌ಎಐ ಅಪ್ರೂವ್ಡ್" ಅನ್ನುವ ಸ್ಟಿಕ್ಕರ್ ತೋರಿಸಿದರು, ಎಆರ್‌ಎಐ ಅಂದರೆ ಗಾಡಿ, ಬಿಡಿಭಾಗ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ. ನನ್ನ ಮಾಡೆಲ್ಲಿಗೆ ಕೊಟ್ಟ ಸರ್ಟಿಫಿಕೇಟ್ ಕಾಗದ ತೋರಿಸಿ ಅಂದೆ. ಚಹಾ ತರಿಸಿದರು, ಕಾಗದ ಬರಲಿಲ್ಲ. ನೀವೂ ಸ್ಟಿಕ್ಕರ್ ನೋಡಿ ಹಣ ಬಿಚ್ಚಬೇಡಿ, ಕಾಗದ ಕೇಳಿ.

ಹೊಸ ಕಂಪನಿ ಸೈಲೆನ್ಸರ್ ರೇಟು ವಿಚಾರಿಸಿದೆ. ಅದೊಂದೇ ನನ್ನ ಇಡೀ ಬಜೆಟ್ ನುಂಗಿ ಮತ್ತಷ್ಟು ಕೇಳುತ್ತಿತ್ತು.

ಕೊನೆಗೆ ಒಬ್ಬ ಗೆಳೆಯ ಹಳೇ ಹುಬ್ಬಳ್ಳಿಯ ಚಾಚಾ ಹತ್ತಿರ ಕರೆದುಕೊಂಡು ಹೋದ. ಹಳೆಯ ಕಾಸ್ಟ್ ಐರನ್ ಎಂಜಿನ್ ಬುಲೆಟ್ ಕಾಲದಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ಗ್ಯಾರೇಜು ಅಂದರೆ ತಗಡಿನ ಶೆಡ್ಡು, ಮುಂದೊಂದು ಬೇವಿನ ಮರ. ನಾನು ಬಂದ ಕೆಲಸ ಹೇಳುವ ಮೊದಲೇ ಅವರು ಗಾಡಿ ಸ್ಟಾರ್ಟ್ ಮಾಡಿಸಿ, ಎಣ್ಣೆ ಅರಿವೆಯೊಂದನ್ನು ಮಡಚಿ ಸೈಲೆನ್ಸರ್ ಬಾಯಿಗೆ ಒತ್ತಿ ಹಿಡಿದರು. ಎಲ್ಲ ಜೋಡಣೆ ಸರಿ ಇದ್ದರೆ ಹಾಗೆ ಬಾಯಿ ಮುಚ್ಚಿದಾಗ ಎಂಜಿನ್ ಉಸಿರು ಕಟ್ಟಿ ಆಫ್ ಆಗಬೇಕು. ನನ್ನದು ಆಫ್ ಆಗಲಿಲ್ಲ. ಬೆಂಡ್ ಪೈಪ್ (ಎಂಜಿನ್ನಿನಿಂದ ಬರುವ ಬಾಗಿದ ಕೊಳವೆ) ಮತ್ತು ಸೈಲೆನ್ಸರ್ ಕೂಡುವ ಕಡೆ ಫುಸ್ ಫುಸ್ ಅಂತ ಗಾಳಿ ಬಂತು, ಅದು ಎಂಜಿನ್ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗ) ಕೂಡುವ ಹತ್ತಿರವೂ ಬಂತು. ಅಲ್ಲಿ ಬೆರಳಿಟ್ಟು ತೋರಿಸಿದರು, ಸುತ್ತಲೂ ಕಪ್ಪು ಮಸಿ.

"ನೀವು ಇಷ್ಟ ದಿನಾ ಕೇಳಿದ್ದು ಬುಲೆಟ್ ಆವಾಜ ಅಲ್ರಿ ಸರ. ಲೀಕಿನ ಆವಾಜ. ಒಳಗ ಏನೂ ಇಲ್ಲ, ಬರೇ ಡಬ್ಬಿ."

ಈ ಪರೀಕ್ಷೆ ನೀವು ಮನೆಯಲ್ಲೇ ಮಾಡಬಹುದು. ಗಾಡಿ ತಣ್ಣಗಿರುವಾಗ, ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷದೊಳಗೆ ಮಾಡಬೇಕು. ಆಮೇಲೆ ಕೈ ಸುಡುತ್ತದೆ. ದಪ್ಪ ಅರಿವೆ ಇರಲಿ, ಬಯಲಲ್ಲಿ ಮಾಡಿ. ಜೋಡಣೆಗಳ ಮೇಲೆ ಸಾಬೂನು ನೀರು ಹಾಕಿದರೆ ಗುಳ್ಳೆ ಬರುವುದು ಸ್ಪಷ್ಟ ಕಾಣುತ್ತದೆ.

ಆ ಪಟಾಕಿಯ ಕಾರಣವೂ ಅಲ್ಲೇ ಇತ್ತು. ಹಿಂದಿನವರು ಹಾಕಿಸಿದ ಪೈಪಿನ ಬಾಯಿ ಬೆಂಡ್ ಪೈಪಿಗಿಂತ ಅಗಲ. ನಡುವೆ ತಗಡಿನ ಪಟ್ಟಿ ಸುತ್ತಿ ಕ್ಲ್ಯಾಂಪ್ ಬಿಗಿದಿದ್ದರು. ಆ್ಯಕ್ಸಿಲರೇಟರ್ ಬಿಟ್ಟಾಗ ಪೂರ್ತಿ ಉರಿಯದ ಪೆಟ್ರೋಲ್ ಕೊಳವೆಗೆ ಬರುತ್ತದೆ, ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಎರಡೂ ಸೇರಿ ಕಾದ ಪೈಪಿನಲ್ಲಿ ಸಿಡಿಯುತ್ತವೆ. ಕೆಲವರು ಇದನ್ನು ಬೇಕೆಂದೇ ಮಾಡಿಸುತ್ತಾರೆ ಅಂತ ಚಾಚಾ ಹೇಳಿದಾಗ ನಗು ಬಂತು.

"ನಿಮಗ ಬೇಕಾದ ಆವಾಜ ಕಂಪನಿ ಸೈಲೆನ್ಸರಿನಾಗ ಐತ್ರಿ. ಮಂದಿ ಅದನ್ನ ಬಿಚ್ಚಿ ಅಟ್ಟಕ್ಕ ಒಗದು, ರೊಕ್ಕಾ ಕೊಟ್ಟು ಗದ್ದಲಾ ತಗೋತಾರ."

ಇದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಂಪನಿ ಸೈಲೆನ್ಸರ್ ಅಂದರೆ ಸಪ್ಪೆ ಅಂತಲೇ ಎಲ್ಲರೂ ಹೇಳುವುದು. ಚಾಚಾ ಅಲ್ಲೇ ನಿಂತಿದ್ದ ಬೇರೆಯವರ ಕ್ಲಾಸಿಕ್ ಒಂದನ್ನು ಸ್ಟಾರ್ಟ್ ಮಾಡಿದರು. ಕಂಪನಿ ಸೈಲೆನ್ಸರ್, ಎಲ್ಲ ಪ್ಯಾಕಿಂಗ್ (ಜೋಡಣೆಯ ಸಂದಿಗೆ ಇಡುವ ಗ್ಯಾಸ್ಕೆಟ್) ಹೊಸದು. ಆಮೇಲೆ ನನ್ನದನ್ನು ಮಾಡಿದರು. ಆಗ ಗೊತ್ತಾಯಿತು. ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತಲ್ಲೇ ಚಾಲೂ ಇದ್ದಾಗ, ಎಂಜಿನ್ ನಿಮಿಷಕ್ಕೆ ಸುಮಾರು 1,000 ಸುತ್ತು ಸುತ್ತುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಹೊಡೆತ, ಅಂದರೆ ನಿಮಿಷಕ್ಕೆ 500, ಸೆಕೆಂಡಿಗೆ 8ರ ಮೇಲೆ. 346 ಸಿಸಿಯ ಒಂದೇ ಸಿಲಿಂಡರ್ ಕೊಡುವ ಆ ನಿಧಾನದ ಹೊಡೆತವೇ ಗುಡು ಗುಡು. ಯಾವ ಪೈಪ್ ಹಾಕಿದರೂ ಆ ಲೆಕ್ಕ ಬದಲಾಗದು. ಪೈಪ್ ತೀರ್ಮಾನಿಸುವುದು ಅದರ ಮೇಲೆ ಎಷ್ಟು ಕರ್ಕಶ ಸೇರಬೇಕು ಅನ್ನುವುದನ್ನು. ಕಂಪನಿ ಸೈಲೆನ್ಸರಿನ ಒಳಗಿನ ಕೋಣೆಗಳಲ್ಲಿ ಶಬ್ದದ ಅಲೆ ಹೊರಳಿ ಬಂದು ಒಂದನ್ನೊಂದು ಕಡಿಮೆ ಮಾಡುತ್ತವೆ, ಕಿರಿಚುವ ಭಾಗ ಅಲ್ಲೇ ಉಳಿಯುತ್ತದೆ, ಹೊಡೆತ ಹೊರಗೆ ಬರುತ್ತದೆ. ಖಾಲಿ ಪೈಪಿನಲ್ಲಿ ಆ ಕಿರಿಚಾಟದ ಅಡಿಯಲ್ಲಿ ಹೊಡೆತ ಮುಳುಗಿ ಹೋಗಿರುತ್ತದೆ.

ಸರಿ, ಹಳೆ ಕಂಪನಿ ಸೈಲೆನ್ಸರ್ ಹುಡುಕೋಣ ಅಂತಾಯಿತು. ಗಾಡಿ ಚಾಚಾ ಹತ್ತಿರ ಬಿಟ್ಟೆ.

ಮೊದಲು ಗುಜರಿ. ಥಳಥಳ ಹೊಳೆಯುವ ಒಂದು ಸಿಕ್ಕಿತು, ಎಂಟು ನೂರಕ್ಕೆ. ಫೋಟೊ ಕಳಿಸಿದೆ. "ತಳಗ ತಿರಿವಿ ಹಾಕಿ ಫೋಟೊ ಹೊಡೀರಿ" ಅಂದರು ಚಾಚಾ. ತಿರುವಿದರೆ ಹೊಟ್ಟೆಯ ಕೆಳಗೆ ಉದ್ದಕ್ಕೆ ವೆಲ್ಡಿಂಗ್ ಗೆರೆ. ಈ ಸೈಲೆನ್ಸರಿನ ಒಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಜೇನುಗೂಡಿನ ಕಣ್ಣಿನಂಥ ಸಣ್ಣ ಸಣ್ಣ ತೂತುಗಳ ತುಂಡು. ಅದಕ್ಕೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಜಾತಿಯ ಬೆಲೆಬಾಳುವ ಲೋಹ ಲೇಪಿಸಿರುತ್ತಾರೆ. ಅದನ್ನು ಕೊಯ್ದು ತೆಗೆದು, ಮತ್ತೆ ಬೆಸೆದು, ಪಾಲಿಶ್ ಮಾಡಿ ಮಾರುವುದು ದೊಡ್ಡ ವ್ಯಾಪಾರ. ಹೊರಗಿನಿಂದ ಕಂಪನಿದೇ, ಒಳಗೆ ಟೊಳ್ಳು. ಹಳೆ ಸೈಲೆನ್ಸರ್ ಕೊಳ್ಳುವವರು ಇದೊಂದನ್ನು ಮರೆಯಬಾರದು: ಕಂಪನಿ ಜೋಡಣೆ ಬಿಟ್ಟು ಬೇರೆ ವೆಲ್ಡಿಂಗ್ ಗೆರೆ ಕಂಡರೆ ಕೆಳಗಿಟ್ಟು ಬನ್ನಿ. ಎತ್ತಿ ಅಲುಗಾಡಿಸಿ ನೋಡಿ, ಒಳಗೆ ಗಲಗಲ ಅಂದರೆ ಬ್ಯಾಫಲ್ (ಒಳಗಿನ ಕೋಣೆಗಳ ತಗಡು) ಕಿತ್ತಿದೆ. ಮುಂದೆ ಸಿಕ್ಕ ಇನ್ನೊಂದು ಹಾಗೇ ಗಲಗಲ ಅನ್ನುತ್ತಿತ್ತು.

ಅಂಗಡಿಗಳನ್ನು ಬಿಟ್ಟು ಮನೆಗಳ ಕಡೆ ತಿರುಗಿದ ಮೇಲೆ ಕೆಲಸ ಸಲೀಸಾಯಿತು. ಹೊಸ ಬುಲೆಟ್ ತಂದ ವಾರಕ್ಕೇ ಸೈಲೆನ್ಸರ್ ಬದಲಿಸಿದವರು ಊರ ತುಂಬ ಇದ್ದಾರೆ, ಅವರ ಹಳೆ ಸೈಲೆನ್ಸರ್ ಎಲ್ಲೋ ಅಟ್ಟದ ಮೇಲೆ ಇರಲೇಬೇಕು. ಗೆಳೆಯರಿಗೆ, ಆಫೀಸಿನವರಿಗೆ ಹೇಳಿಟ್ಟೆ. ಧಾರವಾಡದ ಸಪ್ತಾಪುರದಿಂದ ಫೋನ್ ಬಂತು. ಮಗ ಪುಣೆಯಲ್ಲಿ, ಗಾಡಿಯೂ ಅಲ್ಲೇ, ಕಂಪನಿ ಸೈಲೆನ್ಸರ್ ಮಾತ್ರ ಅಟ್ಟದ ಮೇಲೆ ನಾಲ್ಕು ವರ್ಷದಿಂದ ಕೂತಿದೆ. ಮಗ ಎರಡು ಸಾವಿರ ಅಂದಿದ್ದ. ತಾಯಿ, "ಕೊಟ್ಟಷ್ಟು ಕೊಟ್ಟು ಒಯ್ಯಪಾ, ದಸರಿಗೆ ಅಟ್ಟಾ ಹಸನ ಮಾಡಬೇಕಾಗೇತಿ" ಅಂದರು. 1,400ಕ್ಕೆ ಇತ್ಯರ್ಥವಾಯಿತು. ಅವಲಕ್ಕಿ, ಚಹಾ ಬೇರೆ.

ಅದನ್ನು ಹುಬ್ಬಳ್ಳಿಗೆ ತರುವುದು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಗೋಣಿಚೀಲದಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಜುಬಿಲಿ ಸರ್ಕಲ್ ನಿಲ್ದಾಣದ ಒಳಗೆ ಹೋಗಲಿಕ್ಕೆ ನೋಡಿದೆ, ಗೇಟಿನವರು ತಡೆದರು. ಚೀಲ ಬಿಚ್ಚಿ ತೋರಿಸಬೇಕಾಯಿತು. ಬಿಚ್ಚಿದರೆ ಸೈಲೆನ್ಸರ್ ಬಾಯಿಂದ ಒಣಗಿದ ಕೆಂಪು ಮಣ್ಣು ಬಡಬಡ ಉದುರಿತು. ಒಳಗೆ ಕಣಜ ಗೂಡು ಕಟ್ಟಿತ್ತು. ಹಿಂದೆ ನಿಂತಿದ್ದ ಕಾಲೇಜು ಹುಡುಗರು ನಕ್ಕರು, ಗೇಟಿನವರೂ ನಕ್ಕು ಒಳಗೆ ಬಿಟ್ಟರು. ಅಟ್ಟದಲ್ಲಿಟ್ಟ ಸೈಲೆನ್ಸರ್ ತಂದರೆ ಹಾಕುವ ಮೊದಲು ಎರಡೂ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಚಾಚಾ ಬಾಯಿ ಕೆಳಗೆ ಮಾಡಿ ಮರದ ಸುತ್ತಿಗೆಯಿಂದ ತಟ್ಟಿ, ಏರ್ ಹೊಡೆದು ಎಲ್ಲ ತೆಗೆದರು. ನೀರು ಹಾಕಲು ಬಿಡಲಿಲ್ಲ, ಮಣ್ಣು ಕೆಸರಾಗಿ ಆ ಸಣ್ಣ ತೂತುಗಳಲ್ಲಿ ಕೂತರೆ ಮುಗಿಯಿತು ಅಂದರು.

ಎಲ್ಲ ಸಿಕ್ಕಿತು, ಸಂಜೆಗೆ ಗಾಡಿ ಒಯ್ಯಬಹುದು ಅಂದುಕೊಂಡು ಕಲ್ಲಿನ ಮೇಲೆ ಕೂತೆ. ಹಳೆ ಪೈಪ್ ಬಿಚ್ಚಿ ಬಂತು. ಬೆಂಡ್ ಪೈಪಿನ ಪ್ಯಾಕಿಂಗ್ ಬದಲಿಸಲೇಬೇಕು, ಅದಕ್ಕೆ ಹೆಡ್ಡಿನ ಹತ್ತಿರದ ನಟ್ಟುಗಳನ್ನು ಬಿಚ್ಚಬೇಕು. ಒಂದು ನಟ್ ಬಂತು. ಇನ್ನೊಂದಕ್ಕೆ ತುಕ್ಕು ಹಿಡಿದು ಸ್ಟಡ್ಡಿನ ಜೊತೆ ಒಂದೇ ಆಗಿತ್ತು. ಎಣ್ಣೆ ಬಿಟ್ಟು ಕಾದರು, ಗ್ಯಾಸ್ ದೀಪದಿಂದ ಕಾಯಿಸಿದರು, ಸ್ಪ್ಯಾನರ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಚಾಚಾ ಮುಖ ಸೊಟ್ಟಗಾದದ್ದು ನೋಡಿ ಎದ್ದು ನಿಂತೆ. ಟಕ್ ಅಂತ ಸಣ್ಣ ಸಪ್ಪಳ, ಅಷ್ಟೇ. ಸ್ಟಡ್ ಹೆಡ್ಡಿನ ಮಟ್ಟಕ್ಕೆ ಮುರಿದಿತ್ತು, ಹಿಡಿಯಲಿಕ್ಕೆ ಉಗುರಿನಷ್ಟೂ ಹೊರಗಿಲ್ಲ. ನನ್ನ ತಲೆಯಲ್ಲಿ ಆಗಲೇ ಹೊಸ ಹೆಡ್ಡಿನ ಬೆಲೆ ಓಡುತ್ತಿತ್ತು.

"ಗಾಬರಿ ಆಗಬ್ಯಾಡ್ರಿ, ಇದು ಬುಲೆಟ್‌ದಾಗ ಆಗೂದ. ಲೇಥಿನವರ ಕಡೆ ತಗಸೂನು."

ಆದರೆ ಲೇಥ್ ಬಂದ್. ಅವತ್ತು ಅಮಾವಾಸ್ಯೆ, ಪೂಜೆ ಮಾಡಿ ಬಾಗಿಲು ಹಾಕಿಕೊಂಡು ಹೋಗಿದ್ದರು. ಮರುದಿನ ಬೆಳಿಗ್ಗೆ ಕರೆಂಟಿಲ್ಲ. ಗಾಡಿ ಕೆಲಸಕ್ಕೆ ದಿನ ಗೊತ್ತು ಮಾಡುವವರು ಕ್ಯಾಲೆಂಡರ್ ನೋಡಿ ಹೊರಡಿ, ನಮ್ಮ ಕಡೆ ಅಮಾವಾಸ್ಯೆಗೆ ಅರ್ಧ ಲೇಥು, ಗ್ಯಾರೇಜು ತೆರೆಯುವುದಿಲ್ಲ. ನಾನು ರಿಕ್ಷಾ, ಬಸ್ಸು ಅಂತ ಆಫೀಸಿಗೆ ಓಡಾಡಿದೆ, ಮನೆಯಲ್ಲಿ ಅವ್ವ "ಬೇಕಾಗಿತ್ತ ಇದು?" ಅಂತ ದಿನಾ ಕೇಳಿದಳು.

ಲೇಥಿನವರು ಬಂದು ಮಾಡಿದ ಕೆಲಸ ಮಾತ್ರ ನೋಡುವಂಥದ್ದು. ಮುರಿದ ಸ್ಟಡ್ಡಿನ ನಟ್ಟ ನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರು ಮಾಡಿ ಒಂದೊಂದೇ ದಪ್ಪ ಬಿಟ್ ಹಾಕುತ್ತ ಕೊರೆದರು. ಹೆಡ್ಡು ಅಲ್ಯುಮಿನಿಯಂ, ಸ್ಟಡ್ಡು ಉಕ್ಕು. ಬಿಟ್ ಒಂಚೂರು ಜಾರಿದರೆ ಮೆತ್ತನೆಯ ಅಲ್ಯುಮಿನಿಯಮ್ಮಿಗೆ ಹೋಗಿ ತೂತು ಓರೆಯಾಗುತ್ತದೆ. ಅವರು ಉಸಿರು ಹಿಡಿದು ಒತ್ತುತ್ತಿದ್ದರು, ನಡುನಡುವೆ ನಿಲ್ಲಿಸಿ ಎಣ್ಣೆ ಬಿಟ್ಟು ಚೂರು ಊದುತ್ತಿದ್ದರು. ಒಳಗಿನ ಥ್ರೆಡ್ ಅರ್ಧ ಕೆಟ್ಟಿತ್ತು, ಅದಕ್ಕೆ ಹೆಲಿಕಾಯಿಲ್ ಕೂರಿಸಿದರು, ಸ್ಪ್ರಿಂಗಿನ ಆಕಾರದ ಉಕ್ಕಿನ ಥ್ರೆಡ್ ಅದು. ಹೊಸ ಸ್ಟಡ್ ಸೇರಿ 600 ರೂಪಾಯಿ. ಇದಕ್ಕೆ ಚೌಕಾಸಿ ಮಾಡಲಿಲ್ಲ.

ಜೋಡಣೆಗೆ ಒಂದು ಕ್ರಮ ಇದೆ. ಹಳೆ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆದು ಹೊಸದು ಇಡಬೇಕು, 60 ರೂಪಾಯಿಯ ಸಾಮಾನು. ಬೆಂಡ್ ಪೈಪ್, ಸೈಲೆನ್ಸರ್, ಹಿಂದಿನ ಬ್ರಾಕೆಟ್ ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಬೇಕು. ಆಮೇಲೆ ಹೆಡ್ಡಿನ ನಟ್ಟುಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪ ಸಮನಾಗಿ ಬಿಗಿಯಬೇಕು, ನಂತರ ನಡುವಿನ ಕ್ಲ್ಯಾಂಪ್, ಕೊನೆಗೆ ಬ್ರಾಕೆಟ್. ಹಿಂದಿನಿಂದ ಶುರು ಮಾಡಿದರೆ ಪೈಪ್ ಎಳೆದಾಡಿ ಮತ್ತೆ ಲೀಕ್ ಆಗುತ್ತದೆ, ಸ್ಟಡ್ಡಿನ ಮೇಲೂ ಭಾರ. ನನ್ನ ಗಾಡಿಯ ಬ್ರಾಕೆಟ್ಟಿನಲ್ಲಿ ರಬ್ಬರ್ ಬುಷ್ಷೇ ಇರಲಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಝಣಝಣ ಅನ್ನುತ್ತಿತ್ತು. ಆವಾಜಿನ ಒಂದು ಪಾಲು ಅದೂ ಆಗಿತ್ತು. ಬುಷ್ 80, ಕ್ಲ್ಯಾಂಪ್ 120.

ಮುಗಿಯಿತು ಅನ್ನುವಾಗ ಚಾಚಾ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದರು. ಕಪ್ಪಗೆ ಮಸಿ. ಖಾಲಿ ಪೈಪಿಗೆ ಹೊಂದಲಿ ಅಂತ ಹಿಂದಿನವರು ಕಾರ್ಬ್ಯುರೇಟರಿಗೆ ದೊಡ್ಡ ಮೇನ್ ಜೆಟ್ ಹಾಕಿಸಿದ್ದರು, ಪೆಟ್ರೋಲ್ ಹೆಚ್ಚು ಹೋಗುತ್ತಿತ್ತು. ಗದಗದಿಂದ ತಂದಾಗಿನಿಂದ ಲೀಟರಿಗೆ ಇಪ್ಪತ್ತೈದರ ಮೇಲೆ ಓಡದ ಕಾರಣ ಇದು. ಮೂಲ ನಂಬರಿನ ಜೆಟ್ ಹಾಕಿ, ಕಾರ್ಬ್ಯುರೇಟರ್ ತೊಳೆದು 350 ರೂಪಾಯಿ. ಸೈಲೆನ್ಸರ್ ಬದಲಿಸಿದ ಮೇಲೆ ನೂರಿನ್ನೂರು ಕಿಲೋಮೀಟರ್ ಓಡಿಸಿ ಪ್ಲಗ್ ನೋಡಿ. ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತಿದೆ ಅಂತ. ಕಪ್ಪಗಿದ್ದರೆ ನನ್ನ ಕಥೆ.

ಮಜೂರಿ 500 ಕೊಟ್ಟು ಸ್ಟಾರ್ಟ್ ಮಾಡಿದೆ. ಮೊದಲು ಸುಟ್ಟ ಮಣ್ಣಿನ ವಾಸನೆ, ಸೈಲೆನ್ಸರ್ ಬಾಯಿಂದ ನೀರಿನ ಹನಿ. ಹನಿ ನೋಡಿ ಹೆದರಬೇಡಿ, ಪೆಟ್ರೋಲ್ ಉರಿದಾಗ ಆಗುವ ಆವಿ ತಣ್ಣನೆ ಕೊಳವೆಯಲ್ಲಿ ನೀರಾಗುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಚಾಚಾ ಮತ್ತೆ ಅದೇ ಅರಿವೆ ತಂದು ಬಾಯಿ ಮುಚ್ಚಿದರು. ಎಂಜಿನ್ ಎರಡು ಸಲ ಕೆಮ್ಮಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿ ಐಡ್ಲಿಂಗಿಗೆ ಬಿಟ್ಟಾಗ ಬಂದದ್ದು ನಾನು ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದ ಆವಾಜ್. ತಗಡಿನ ಶೆಡ್ಡು ನಡುಗಲಿಲ್ಲ, ಕಾಲಿನ ಕೆಳಗೆ ನೆಲಕ್ಕೆ ಮಾತ್ರ ಗೊತ್ತಾಗುತ್ತಿತ್ತು.

ಇನ್ನೂ ನಿಧಾನಕ್ಕೆ ಬಡಿಯಲಿ, ಐಡ್ಲಿಂಗ್ ಇಳಿಸಿ ಅಂತ ಆಸೆಯಿಂದ ಕೇಳಿದೆ. ಚಾಚಾ ಕೇಳಲಿಲ್ಲ. ಈ ಎಂಜಿನ್‌ನಲ್ಲಿ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಹೈಡ್ರಾಲಿಕ್, ಎಂಜಿನ್ ಆಯಿಲ್ ಒತ್ತಡದಿಂದಲೇ ಅವು ಕೆಲಸ ಮಾಡುವುದು. ತೀರ ಇಳಿಸಿದರೆ ಆಯಿಲ್ ಸಾಕಷ್ಟು ಏರದೆ ಕಟಕಟ ಶುರುವಾಗುತ್ತದೆ. ಫೋನಿನಲ್ಲಿ ಹಳೆ ವಿಡಿಯೋದ ಸಿನಿಮಾ ಸೌಂಡ್ ಕೇಳಿ ಮೆಕ್ಯಾನಿಕ್ಕಿಗೆ ಒತ್ತಾಯ ಮಾಡುವವರು ಇದನ್ನು ನೆನಪಿಡಿ.

ಎಮಿಷನ್ ಸರ್ಟಿಫಿಕೇಟಿಗೆ ಇನ್ನೂ ಅವಧಿ ಇತ್ತು, ಆದರೂ ಹೊಸದಾಗಿ ಮಾಡಿಸಿದೆ, ಮೊದಲ ಸಲಕ್ಕೇ ಪಾಸ್. ಈ ಗಾಡಿಯ ವರ್ಗಕ್ಕೆ, ಅಂದರೆ 175 ಸಿಸಿ ಮೇಲಿನ ಬೈಕಿಗೆ, ಕಾರ್ಖಾನೆಯಿಂದ ಹೊರಬರುವಾಗ ಶಬ್ದ 80 ಡೆಸಿಬೆಲ್ ಮೀರಬಾರದು ಅಂತ 2005ರಿಂದ ಮಿತಿ ಇದೆ. ನನ್ನ ಹತ್ತಿರ ಅಳೆಯುವ ಯಂತ್ರವಿಲ್ಲ, ಫೋನಿನ ಆ್ಯಪ್ ಅಷ್ಟು ನಂಬುವಂಥದ್ದಲ್ಲ. ಮಾಸ್ತರು ಈಗ ಪೇಪರ್ ಮಡಚುವುದಿಲ್ಲ, ಅದನ್ನೇ ಅಳತೆ ಅಂದುಕೊಂಡಿದ್ದೇನೆ. ಕಿಮ್ಸ್ ಮುಂದೆ ಮತ್ತೊಮ್ಮೆ ತಡೆದಾಗ ಪೊಲೀಸರು ಹಿಂದೆ ಬಗ್ಗಿ ನೋಡಿ, ಹೋಗ್ರಿ ಅಂತ ಕೈ ಮಾಡಿದರು. ಮೈಲೇಜು ಮೂವತ್ತೆರಡರ ಹತ್ತಿರ ಬಂದಿದೆ.

ಬಿಚ್ಚಿದ ಪೈಪನ್ನು ಒಬ್ಬ ಹುಡುಗ ಎಂಟು ನೂರಕ್ಕೆ ಕೇಳಿದ. ಅದನ್ನು ಮಾರಿದ್ದರೆ ಖರ್ಚು ಬಜೆಟ್ಟಿನೊಳಗೇ ಬರುತ್ತಿತ್ತು. ಕೊಡಲಿಲ್ಲ, ನಡುವೆ ಕೊಯ್ಸಿ ತೂಕಕ್ಕೆ ಹಾಕಿದೆ. ಚಾಚಾ ಸೇರಿ ಎಲ್ಲರೂ ಹುಚ್ಚ ಅಂದರು.

ಕೆಲಸ ಮಾಡಿಸುವವರಿಗೆ ಉಳಿದದ್ದು ಇಷ್ಟು: ಗ್ಯಾಸ್ಕೆಟ್ ಹೊಸದಿದ್ದಾಗ ಕಾವಿಗೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಒಂದೆರಡು ವಾರ ಓಡಿಸಿದ ಮೇಲೆ ಗಾಡಿ ಪೂರ್ತಿ ತಣ್ಣಗಾದಾಗ ಹೆಡ್ಡಿನ ನಟ್ಟುಗಳನ್ನು, ಕ್ಲ್ಯಾಂಪನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹೊಸ ಸ್ಟಡ್ಡಿನ ಥ್ರೆಡ್ಡಿಗೆ ಕಾವು ತಡೆಯುವ ಕಾಪರ್ ಗ್ರೀಸ್ ಸವರಲು ಹೇಳಿ. ಮಳೆಗಾಲಕ್ಕೆ ಮೊದಲು ಹೇಳಿದರೆ ಇನ್ನೂ ಚಲೋ, ಮುಂದಿನ ಸಲ ಆ ನಟ್ ಬಿಚ್ಚುವವರು ನಿಮ್ಮನ್ನು ಬೈಯುವುದಿಲ್ಲ.